ಯಿಡ್ಡಿಷ್ ಸಾಹಿತ್ಯದ ಓದನ್ನು ನಾಟಕದಿಂದ ಆರಂಭಿಸುವ ಬಗೆ

ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ವಲಸೆ ಬಂದ ಯಹೂದಿಗಳ ಭಾಷೆಯಾದ ಯಿಡ್ಡಿಷಿನ ಸಾಹಿತ್ಯವನ್ನು ಓದಬೇಕೆಂದಿರುವವರು ಹೆಚ್ಚಾಗಿ 1978ರಲ್ಲಿ ನೊಬೆಲ್ ಪಡೆದ ಐಸಾಕ್ ಬಾಶೆವಿಸ್ ಸಿಂಗರ್ ಅವರ ಕಥೆಗಳನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ. ಅದು ತಪ್ಪಲ್ಲ. ಆದರೆ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ಹಗಲೆಲ್ಲ ಬಟ್ಟೆ ಹೊಲಿದು ರಾತ್ರಿ ನಾಟಕಕ್ಕೆ ಹೋಗುತ್ತಿದ್ದ ಜನರ ನಡುವೆ ಈ ಭಾಷೆ ಹೇಗೆ ಬಾಳಿತೆಂಬುದನ್ನು ಅರಿಯಬೇಕಾದರೆ ರಂಗಭೂಮಿಯಿಂದಲೇ ಹೊರಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಯಾಕೋಬ್ ಗೋರ್ದಿನ್ ಅವರು 1892ರಲ್ಲಿ ಬರೆದ ‘ಯಿಡ್ಡಿಷ್ ಕಿಂಗ್ ಲಿಯರ್’ ನಾಟಕದ ಇಂಗ್ಲಿಷ್ ಅನುವಾದವನ್ನು ಮೊದಲು ಓದಿರಿ. ವಿಲ್ನಾದ ಸಿರಿವಂತ ವರ್ತಕ ದೋವಿದ್ ಮೊಯ್ಶೆಲೆಸ್ ಪುರೀಮ್ ಹಬ್ಬದ ಊಟಕ್ಕೆ ಮನೆಯವರನ್ನೆಲ್ಲ ಕೂಡಿಸಿ, ಆಸ್ತಿಯನ್ನು ಹೆಣ್ಣುಮಕ್ಕಳಿಗೆ ಹಂಚಿಬಿಡುತ್ತಾನೆ. ಮುಂದೆ ದೃಷ್ಟಿ ಕಳೆದುಕೊಂಡು ಭಿಕ್ಷೆಗಿಳಿಯುತ್ತಾನೆ. ಆ ಪಾತ್ರವನ್ನು ಯಾಕೋಬ್ ಆಡ್ಲರ್ ಆಡುವಾಗ ಎದುರಿಗಿದ್ದವರಲ್ಲಿ ಎಷ್ಟೋ ಜನ ಹೆತ್ತವರನ್ನು ಯುರೋಪಿನಲ್ಲಿ ಬಿಟ್ಟು ಬಂದವರೆಂಬುದನ್ನು ಓದುವಾಗ ಮರೆಯಬೇಡಿರಿ. ವಾರದ ದಿನಗಳ ಆಟಗಳನ್ನು ಒಂದೇ ಊರಿನಿಂದ ಬಂದವರ ಸಂಘಗಳು ಇಡಿಯಾಗಿ ಕೊಂಡು, ತಮ್ಮವರಿಗೆ ಟಿಕೆಟು ಮಾರಿ, ಉಳಿದ ಹಣವನ್ನು ಸಂಘದ ನಿಧಿಗೆ ಸೇರಿಸುತ್ತಿದ್ದವು. ಹೀಗಾಗಿ ನಾಟಕ ನೋಡುವುದೆಂದರೆ ಊರವರನ್ನು ಕಾಣುವುದೂ ಆಗಿತ್ತು.

ಆ ಬಳಿಕ ‘ಫೋರ್ವರ್ಟ್ಸ್’ ಎಂಬ ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆ 1906ರಿಂದ ಪ್ರಕಟಿಸಿದ ಓದುಗರ ಪತ್ರಗಳ ಅಂಕಣ ‘ಬಿಂಟೆಲ್ ಬ್ರಿಫ್’ ಅನ್ನು ಓದಿರಿ. ನಾಟಕದಲ್ಲಿ ಕಂಡ ಮನೆಯ ಜಗಳ, ಮದುವೆ, ಬಡತನಗಳೇ ಅಲ್ಲಿ ಓದುಗರ ಮಾತಿನಲ್ಲಿ ಬರುತ್ತವೆ.

ಕೊನೆಗೆ ಲಿಪಿಯನ್ನು ಕಲಿಯಿರಿ. ಕನ್ನಡಿಗರಿಗೆ ಇದು ಅಂದುಕೊಂಡಷ್ಟು ಕಷ್ಟವಲ್ಲ. ಹೀಬ್ರೂ ಅಕ್ಷರಗಳಲ್ಲಿ ಬಲದಿಂದ ಎಡಕ್ಕೆ ಬರೆದರೂ ಯಿಡ್ಡಿಷಿನ ಬಹುಪಾಲು ಪದಗಳು ಉಚ್ಚರಿಸಿದಂತೆಯೇ ಇರುತ್ತವೆ, ಸ್ವರಗಳಿಗೂ ಅಕ್ಷರಗಳುಂಟು. ಹೀಬ್ರೂವಿನಿಂದ ಬಂದ ಪದಗಳು ಮಾತ್ರ, ನಮ್ಮ ತತ್ಸಮಗಳಂತೆ, ಮೂಲದ ಕಾಗುಣಿತವನ್ನೇ ಉಳಿಸಿಕೊಂಡಿವೆ. ‘ಶಾಬೆಸ್’, ಅಂದರೆ ಸಬ್ಬತ್ ದಿನ, ಎಂಬಲ್ಲಿ ಬರೆದಿರುವುದು ಶಿನ್, ಬೆಯ್ಸ್, ಸೋಫ್ ಎಂಬ ಮೂರು ವ್ಯಂಜನಗಳನ್ನಷ್ಟೇ. ಇಂಥವನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕು.

ಅಭ್ಯಾಸಕ್ಕೆ ಪುಸ್ತಕ ಹುಡುಕಿ ಅಲೆಯಬೇಕಾಗಿಲ್ಲ. ಏರನ್ ಲ್ಯಾನ್ಸ್ಕಿ 1980ರಲ್ಲಿ ಸ್ಥಾಪಿಸಿದ, ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿರುವ ಯಿಡ್ಡಿಷ್ ಬುಕ್ ಸೆಂಟರ್ ಹತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಮೊದಲ ಪಾಠಕ್ಕೆ ಗೋರ್ದಿನ್ ನಾಟಕದ ಹೆಸರೇ ಸಾಕು. ಅದರ ಕೊನೆಯ ಪದದಲ್ಲಿ ಲಾಮೆದ್, ಯುದ್, ರೇಶ್ ಎಂಬ ಮೂರು ಅಕ್ಷರಗಳಿವೆ. ಬಲದಿಂದ ಕೂಡಿಸಿ ಗಟ್ಟಿಯಾಗಿ ಓದಿರಿ: ಲಿರ್.