ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ: ನೋಡುವುದು ಹೇಗೆ, ಕಾಪಾಡುವುದು ಹೇಗೆ

ಮೆಟ್ರೋದಲ್ಲಿ ವಿಧಾನಸೌಧ ನಿಲ್ದಾಣಕ್ಕೆ ಬಂದು ಇಳಿಯಿರಿ. ಹೈಕೋರ್ಟಿನ ಹಿಂದೆ ಪಾರ್ಕಿನೊಳಗೆ ನಡೆದರೆ ಮರಗಳ ನಡುವೆ ಕೆಂಪು ಕಟ್ಟಡ ಕಾಣುತ್ತದೆ. ಅದೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಈಗಿನ ರಾಜ್ಯ ಕೇಂದ್ರ ಗ್ರಂಥಾಲಯ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರ ನೆನಪಿಗೆ 1915ರಲ್ಲಿ ಕಟ್ಟಿದ್ದು. ಎದುರಿಗೇ ಅವರ ಪ್ರತಿಮೆ ಇದೆ.

ಸುಮ್ನೆ ಸೆಲ್ಫಿ ತೆಗೆದು ಹೊರಡಬೇಡಿ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಹೊರಗೆ ಒಂದು ಸುತ್ತು ಹಾಕಿ, ಆಮೇಲೆ ಒಳಗೆ ಹೋಗಿ ಒಂದರ್ಧ ಗಂಟೆ ಪೇಪರ್ ಓದುತ್ತಾ ಕೂತುಕೊಳ್ಳಿ. ಮನೆಯಿಂದ ಹೊರಡುವ ಮುಂಚೆ ರಜೆ ಇದೆಯಾ ಅಂತ ವಿಚಾರಿಸಿಕೊಳ್ಳಿ, ಫೋಟೋಗೆ ಅನುಮತಿ ಕೇಳಿ.

ಇನ್ನು ಕಾಪಾಡುವ ವಿಷಯ. ಹಳೇ ಕಟ್ಟಡಕ್ಕೆ ದೊಡ್ಡ ಶತ್ರು ನೀರು. ಮಳೆ ನಿಂತ ಮೇಲೆ ತಲೆ ಎತ್ತಿ ನೋಡಿ: ಸಜ್ಜೆಯ ಸಂದಿಯಲ್ಲಿ ಎರಡೆಲೆಯ ಅರಳಿ ಸಸಿ ಇದ್ದರೆ ಅಲ್ಲಿ ಒದ್ದೆ ನಿಂತಿದೆ ಎಂದರ್ಥ. ನೀವೇ ಹತ್ತಿ ಕೀಳಬೇಡಿ, ಬೇರು ಒಳಗೇ ಉಳಿದರೆ ಮತ್ತೆ ಚಿಗುರುತ್ತದೆ, ಜೊತೆಗೆ ಎಳೆದ ರಭಸಕ್ಕೆ ಗಾರೆಯೂ ಕಿತ್ತುಬರುತ್ತದೆ. ಫೋಟೋ ತೆಗೆದು, ತಾರೀಖು ಬರೆದು ಸಿಬ್ಬಂದಿಗೆ ಕೊಡಿ.

ಗಾರೆ ಗೋಡೆಗೆ ಸಿಮೆಂಟ್ ತೇಪೆ ಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ, ಸಿಮೆಂಟ್ ತೇವವನ್ನು ಒಳಗೇ ಕೂಡಿಹಾಕುತ್ತದೆ, ಆಮೇಲೆ ಇಟ್ಟಿಗೆ ಪುಡಿಯಾಗುತ್ತದೆ. ರಿಪೇರಿಗೆ ಸುಣ್ಣವೇ ಬೇಕು ಅಂತ ಕೇಳಿ, ಒಂದು ಅರ್ಜಿ ಬರೆಯೋಕೆ ಎಷ್ಟು ಹೊತ್ತು, ಅಲ್ವಾ?