ಅಪ್ಪನ ಟ್ರಂಕು ಮತ್ತು ಕಡಲೆಕಾಯಿ ಪೊಟ್ಟಣ: ಹಳೇ ಕಾಗದ ರದ್ದಿಗೆ ಹಾಕುವ ಮುಂಚೆ

ಹೋದ ಆಯುಧಪೂಜೆಗೆ ಮನೆ ಕ್ಲೀನ್ ಮಾಡುತ್ತಿದ್ದೆ. ಮಧ್ಯದಲ್ಲಿ ಗಾಡಿಯವರ ಹತ್ತಿರ ಹುರಿದ ಕಡಲೆಕಾಯಿ ತೊಗೊಂಡೆ. ತಿಂದು ಪೊಟ್ಟಣ ಬಿಡಿಸಿದರೆ ಅದು ಯಾರದೋ ಬ್ಯಾಂಕ್ ಅರ್ಜಿಯ ಜೆರಾಕ್ಸ್. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಪ್ಯಾನ್ ನಂಬರು, ಕೆಳಗೆ ದುಂಡಗಿನ ಸಹಿ. ಒಂದಕ್ಷರವೂ ಅಳಿಸಿರಲಿಲ್ಲ. ತೀರಿಹೋದ ಅಪ್ಪನ ಟ್ರಂಕು ಖಾಲಿ ಮಾಡಿ, ಹಳೇ ಪೇಪರ್‌ನವರಿಗೆ ಕೊಡಲು ಎರಡು ಚೀಲ ಕಟ್ಟಿಟ್ಟಿದ್ದೆ. ಎರಡನ್ನೂ ಆಗಲೇ ಬಿಚ್ಚಿ ಹಾಲ್‌ನಲ್ಲಿ ಸುರಿದುಕೊಂಡೆ.

ರದ್ದಿಗೆ ಹೋದ ಕಾಗದ ಎಷ್ಟು ಕೈ ದಾಟುತ್ತದೋ ಹೇಳೋಕಾಗಲ್ಲ. ಅದನ್ನು ಹಿಡಿದು ಯಾರೋ ನಮ್ಮ ಹೆಸರಲ್ಲಿ ಸಿಮ್ಮು, ಸಾಲ ತೆಗೆದುಬಿಡಬಹುದು. ಪೇಪರ್‌ನವರ ತಪ್ಪೇನಿಲ್ಲ, ಮಾರುವುದೇ ಅವರ ಕಸುಬು. ಓದಲು ಆಗದ ಹಾಗೆ ಮಾಡಿ ಕೊಡುವುದು ನಮ್ಮ ಕೆಲಸ. ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲು, ಎಸೆಯಲೇಬಾರದ್ದನ್ನು ಎತ್ತಿಡಿ. ಕ್ರಯಪತ್ರ, ಖಾತಾ, ಕಂದಾಯದ ರಸೀದಿ, ಮಾರ್ಕ್ಸ್ ಕಾರ್ಡು, ಜನನ-ಮರಣ ಪತ್ರ, ಪೆನ್ಷನ್ ಆದೇಶ. ನಮ್ಮಪ್ಪ ಬಿಲ್ಲುಗಳನ್ನೆಲ್ಲ ಬಾಗಿಸಿದ ತಂತಿಗೆ ಚುಚ್ಚಿಡುತ್ತಿದ್ದರು. ಕರೆಂಟ್ ಬಿಲ್ಲುಗಳ ಮಧ್ಯೆ ಅವರ ಪೆನ್ಷನ್ ಆದೇಶ ಸಿಕ್ಕಿತು. ಅಮ್ಮನ ಕುಟುಂಬ ಪಿಂಚಣಿಗೆ ಬೇಕಾದದ್ದೇ ಆ ಹಾಳೆ! ಅದಕ್ಕೇ ಪಿನ್ ಹೊಡೆದ ಕಂತೆಯನ್ನು ಒಂದೊಂದೇ ಹಾಳೆ ತಿರುವದೆ ಬಿಡಬೇಡಿ. ಇನ್‌ಕಮ್ ಟ್ಯಾಕ್ಸ್ ಕಾಗದಗಳನ್ನು ನಾನು 8 ವರ್ಷ ಇಡುತ್ತೇನೆ.

ಉಳಿದಿದ್ದನ್ನು ನೋಡಿ ಗಾಬರಿ ಬೇಡ. ಎಷ್ಟೋ ಹಾಳೆಗಳಲ್ಲಿ ಅಪಾಯ ಇರುವುದು ಎರಡು ಅಂಗುಲದಷ್ಟು ಜಾಗದಲ್ಲಿ. ಕರೆಂಟ್ ಬಿಲ್ಲಿನಲ್ಲಿ ಹೆಸರು, ವಿಳಾಸ. ಪಾಸ್‌ಬುಕ್ಕಿನಲ್ಲಿ ಫೋಟೋ ಇರುವ ಮೊದಲ ಪುಟ ಮತ್ತು ಖಾತೆ ನಂಬರು ಅಚ್ಚಾದ ಪುಟಗಳು. ಪಾರ್ಸೆಲ್ ಡಬ್ಬದ ಮೇಲಿನ ಚೀಟಿಯಲ್ಲಿ ಫೋನ್ ನಂಬರು. ಆ ಜಾಗ ಕತ್ತರಿಸಿಕೊಂಡು ಮಿಕ್ಕಿದ್ದನ್ನು ರದ್ದಿಗೆ ಹಾಕಬಹುದು. ಆಧಾರ್, ಪ್ಯಾನ್ ಜೆರಾಕ್ಸ್, ಬ್ಯಾಂಕ್ ಸ್ಟೇಟ್‌ಮೆಂಟು, ಆಸ್ಪತ್ರೆ ರಿಪೋರ್ಟುಗಳನ್ನು ಮಾತ್ರ ಪೂರ್ತಿ ಚೂರು ಮಾಡಿ. ಹಳೇ ಚೆಕ್ ಹಾಳೆಗಳನ್ನೂ ಅಷ್ಟೇ, ಖಾತೆ ಮುಚ್ಚಿದ್ದರೂ ಬಿಡಬೇಡಿ. ಸಹಿ ಮಾಡಿಟ್ಟ ಖಾಲಿ ಚೆಕ್ ಅಪ್ಪನ ಟ್ರಂಕಿನಲ್ಲೇ ಎರಡಿದ್ದವು.

ಚೂರು ಮಾಡುವುದರಲ್ಲೂ ವ್ಯತ್ಯಾಸ ಇದೆ. ಅಗ್ಗದ ಶ್ರೆಡ್ಡರ್, ಅಂದರೆ ಕಾಗದ ಚೂರು ಮಾಡುವ ಮಷೀನು, ಶ್ಯಾವಿಗೆ ಥರ ಉದ್ದುದ್ದ ಸೀಳುತ್ತದೆ. ಅದನ್ನು ಜೋಡಿಸಬಹುದು. 1979ರಲ್ಲಿ ಟೆಹರಾನ್‌ನ ಅಮೆರಿಕ ರಾಯಭಾರ ಕಚೇರಿಯಲ್ಲಿ ಹೀಗೆ ಸೀಳಿದ ಕಾಗದಗಳನ್ನು ಇರಾನಿನವರು ಪಟ್ಟಾಗಿ ಕೂತು ಜೋಡಿಸಿ, ಪುಸ್ತಕವಾಗಿಯೇ ಅಚ್ಚು ಹಾಕಿದರು. ಕೊಳ್ಳುವುದಾದರೆ ಉದ್ದಕ್ಕೂ ಅಡ್ಡಕ್ಕೂ ಕತ್ತರಿಸುವ ಕ್ರಾಸ್ ಕಟ್ ತೊಗೊಳ್ಳಿ. ಚೂರು ಎಷ್ಟು ಸಣ್ಣದು ಅಂತ ಹೇಳುವ ಗುರುತು ಡಬ್ಬದ ಮೇಲೆ ಪಿ-4 ಅಂತ ಇದ್ದರೆ ಮನೆಗೆ ಧಾರಾಳ ಸಾಕು. ಸ್ಟೇಪ್ಲರ್ ಪಿನ್ ತೆಗೆದು ಹಾಕಿ, ಬ್ಲೇಡ್ ಜಾಸ್ತಿ ದಿನ ಬರುತ್ತದೆ.

ಶ್ರೆಡ್ಡರ್ ಇಲ್ಲದಿದ್ದರೆ ಬಕೆಟ್ಟು ನೀರು ಸಾಕು. ಆದರೆ ಸುಮ್ನೆ ನೆನೆಸಿದರೆ ಆಗಲ್ಲ. ಜೆರಾಕ್ಸಿನ ಮಸಿ ಪ್ಲಾಸ್ಟಿಕ್ ಪುಡಿಯನ್ನು ಕಾಯಿಸಿ ಅಂಟಿಸಿದ್ದು, ನೀರಿಗೆ ಕರಗುವುದಿಲ್ಲ. ನಾನು ಒಂದು ಹಾಳೆ ರಾತ್ರಿಯಿಡೀ ನೆನೆಸಿ ಬೆಳಗ್ಗೆ ಎತ್ತಿ ನೋಡಿದೆ. ಕಾಗದ ಮೆತ್ತಗಾಗಿತ್ತು, ಆಧಾರ್ ನಂಬರು ಮಾತ್ರ ಹಾಗೇ ಕೂತಿತ್ತು. ಅದಕ್ಕೇ ಮೊದಲು ಕೈಯಲ್ಲಿ ಹರಿದು, ನೆನೆಸಿ, ಆಮೇಲೆ ಹಿಟ್ಟು ನಾದಿದ ಹಾಗೆ ಹಿಸುಕಬೇಕು. ಮುದ್ದೆಯಾಗುವವರೆಗೂ ಬಿಡಬೇಡಿ. ಶ್ರೆಡ್ಡರಿನ ಒಣ ಚೂರು ಮತ್ತು ಒಣಗಿಸಿದ ಈ ಮುದ್ದೆ ಎರಡೂ ಗೊಬ್ಬರದ ಡ್ರಮ್ಮಿಗೆ ಒಳ್ಳೆಯದು, ತರಕಾರಿ ಸಿಪ್ಪೆಯ ತೇವ ಹೀರಿಕೊಳ್ಳುತ್ತದೆ. ಆ ಕಡಲೆಕಾಯಿ ಪೊಟ್ಟಣದ ಹಾಳೆಯನ್ನೂ ಹೀಗೇ ಮುದ್ದೆ ಮಾಡಿ ಹಾಕಿದೆ.

ಸುಡುವುದು ಬೇಡ ಅನ್ನುತ್ತೇನೆ. ಹಿಂದೆ ಬಚ್ಚಲೊಲೆಗೆ ಹಾಕುತ್ತಿದ್ದೆವು, ನಿಜ. ಆದರೆ ಕಂತೆಗಟ್ಟಲೆ ಹಾಕಿದರೆ ಅಂಚು ಮಾತ್ರ ಕರಕಲಾಗಿ ನಡುವಿನ ಹಾಳೆ ಬೆಳ್ಳಗೇ ಉಳಿಯುತ್ತದೆ. ಊರೊಳಗೆ ಬಯಲಲ್ಲಿ ಕಸ ಸುಡುವಂತೆಯೂ ಇಲ್ಲ. ಲ್ಯಾಮಿನೇಷನ್ ಮಾಡಿದ್ದಂತೂ ಬೆಂಕಿಗೆ ಹಾಕಲೇಬಾರದು, ಹೊಗೆ ವಿಷ. ಕತ್ತರಿಯಲ್ಲೇ ಕತ್ತರಿಸಿ.

ಎಟಿಎಂ ಚೀಟಿ, ಅಂಗಡಿಯ ನುಣುಪು ಬಿಲ್ಲು ಬೇರೆ ಜಾತಿ. ಅದು ಶಾಖಕ್ಕೆ ಕಪ್ಪಾಗುವ ಕಾಗದ. ಮೇಲೊಂದು ನ್ಯೂಸ್‌ಪೇಪರ್ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ. ಪೂರ್ತಿ ಕಪ್ಪಾಗಿ ಅಕ್ಷರ ಮಾಯ. ಇದನ್ನು ಗೊಬ್ಬರಕ್ಕೆ ಹಾಕಬೇಡಿ, ಅದರಲ್ಲಿ ರಾಸಾಯನಿಕ ಲೇಪ ಇರುತ್ತದೆ. ಹಳೇ ಎಟಿಎಂ ಕಾರ್ಡಿನ ಚಿಪ್ಪು, ಕಪ್ಪು ಪಟ್ಟಿ, ಹಿಂದಿನ ಮೂರು ಅಂಕಿ, ಎಲ್ಲದರ ಮೇಲೂ ಕತ್ತರಿ ಓಡಲಿ. ಚೂರುಗಳನ್ನು ಎರಡು ಬೇರೆ ದಿನದ ಕಸಕ್ಕೆ ಹಾಕಿ.

ಮನೆಯಷ್ಟೇ ಜೋಪಾನ ಜೆರಾಕ್ಸ್ ಅಂಗಡಿಯಲ್ಲೂ ಬೇಕು. ಸರಿಯಾಗಿ ಬರದ ಪ್ರತಿಯನ್ನು ಅಲ್ಲೇ ಬುಟ್ಟಿಗೆ ಎಸೆಯುತ್ತಾರೆ, ಕೇಳಿ ತೊಗೊಂಡು ಬನ್ನಿ. ವಾಟ್ಸಾಪಿನಲ್ಲಿ ಕಳಿಸಿದ್ದರೆ ಪ್ರಿಂಟ್ ಆದಮೇಲೆ ಎದುರಿಗೇ ಅಳಿಸಲು ಹೇಳಿ. ಮುಜುಗರ ಏನಿಲ್ಲ. ಯಾರಿಗಾದರೂ ಜೆರಾಕ್ಸ್ ಕೊಡುವಾಗ ಯಾವ ಕೆಲಸಕ್ಕೆ, ಯಾವ ದಿನ ಅಂತ ಹಾಳೆಗೆ ಅಡ್ಡಲಾಗಿ ಬರೆದು ಸಹಿ ಹಾಕಿ. ಒಪ್ಪುವ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ವೆಬ್‌ಸೈಟಿನಲ್ಲೇ ಇಳಿಸಿಕೊಳ್ಳಬಹುದು.

ಈಗಾಗಲೇ ಚೀಲಗಟ್ಟಲೆ ಕೊಟ್ಟುಬಿಟ್ಟಿದ್ದೀರಾ? ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ಗೊತ್ತಿಲ್ಲದ ನಂಬರು ಕಂಡರೆ ಅಲ್ಲೇ ದೂರು ಕೊಡಬಹುದು. ನಮ್ಮ ಸಾಲಗಳ ಲೆಕ್ಕ ಇಡುವ ಸಿಬಿಲ್‌ನಂಥ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಕೊಡಬೇಕು. ನೀವು ಮಾಡದ ಸಾಲ ಅದರಲ್ಲಿ ಕಾಣಿಸಿದರೆ ಆ ಬ್ಯಾಂಕಿಗೂ ಕ್ರೆಡಿಟ್ ಕಂಪನಿಗೂ ಬರಹದಲ್ಲಿ ತಿಳಿಸಿ. ಆಧಾರ್‌ನ ಬೆರಳಚ್ಚನ್ನು ಲಾಕ್ ಮಾಡಿಡಿ, ಅಮ್ಮನದ್ದನ್ನು ನಾನೇ ಮಾಡಿಕೊಟ್ಟೆ. ಖಾತೆಯಿಂದ ದುಡ್ಡೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಲ್ಲಿ ಕೊಡುವ ದೂರಿನ ನಂಬರನ್ನು ಬರೆದಿಟ್ಟುಕೊಂಡು ಬ್ಯಾಂಕಿಗೆ ಹೋಗಿ.