ಮನೆಮಂದಿಗೆಲ್ಲ ಒಂದೇ ಕಂಪ್ಯೂಟರ್: ನಾನು ಒಪ್ಪ ಮಾಡಿಕೊಂಡ ಬಗೆ

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಹಗಲೆಲ್ಲ ಅದರಲ್ಲಿ ನನ್ನ ಡಿಟಿಪಿ ಕೆಲಸ ನಡೆಯುತ್ತದೆ. ಲಗ್ನಪತ್ರಿಕೆ, ಕರಪತ್ರ, ಸಂಘದ ವಾರ್ಷಿಕ ವರದಿ ಇಂಥವು. ಸಂಜೆಯಾದರೆ ಮಗಳ ಪಾಠ. ನಡುವೆ ಮಾವ ಬಂದು ಅಡಿಕೆ ಮಂಡಿಯ ಲೆಕ್ಕ ನೋಡುತ್ತಾರೆ, ಯಜಮಾನರು ಕರೆಂಟ್ ಬಿಲ್ ಕಟ್ಟುತ್ತಾರೆ. ಕಂಪ್ಯೂಟರ್ ಚೆನ್ನಾಗಿಟ್ಟುಕೊಳ್ಳುವುದು ಹೇಗೆ ಎಂದು ಯಾರನ್ನಾದರೂ ಕೇಳಿದರೆ ಮೊದಲು ಬರುವ ಮಾತು ವಾಲ್‌ಪೇಪರ್, ಥೀಮು, ಐಕಾನುಗಳದ್ದು. ನನ್ನ ಅಳತೆಗೋಲು ಬೇರೆ. ನಾನು ಪೇಟೆಗೆ ಹೋಗಿದ್ದಾಗ ಮನೆಯವರು ನನಗೆ ಫೋನ್ ಮಾಡದೆ ತಮಗೆ ಬೇಕಾದ ಕಾಗದ ತೆಗೆದುಕೊಂಡರೆ ಸಾಕು, ಕಂಪ್ಯೂಟರ್ ಒಪ್ಪವಾಗಿದೆ.

ಮೊದಲು ಮಾಡಿದ್ದು ಒಬ್ಬೊಬ್ಬರಿಗೆ ಒಂದೊಂದು ಖಾತೆ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್ ಎಂದಿರುತ್ತದೆ. ಹೊಸ ಖಾತೆ ಸೇರಿಸುವುದು ಅಲ್ಲೇ. ಅಡ್ಮಿನಿಸ್ಟ್ರೇಟರ್ ಅಧಿಕಾರ ಇರುವುದು ಒಂದೇ ಖಾತೆಗೆ, ಉಳಿದವೆಲ್ಲ ಸ್ಟ್ಯಾಂಡರ್ಡ್. ಮಗಳು ಯಾವುದೋ ಆಟ ಡೌನ್‌ಲೋಡ್ ಮಾಡಿ ಹಾಕಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ, ಆಗ ನನ್ನ ಬಳಿ ಬರಲೇಬೇಕು. ನಾನು ದಿನನಿತ್ಯದ ಕೆಲಸ ಮಾಡುವುದೂ ಸ್ಟ್ಯಾಂಡರ್ಡ್ ಖಾತೆಯಲ್ಲೇ. ಅಡ್ಮಿನ್ ಖಾತೆಗೆ ಹೋಗುವುದು ಪ್ರಿಂಟರ್ ಹಾಕುವಾಗಲೋ ಹೊಸ ತಂತ್ರಾಂಶ ಬೇಕಾದಾಗಲೋ ಅಷ್ಟೆ. ಖಾತೆ ಬೇರೆಯಾದರೆ ಡೆಸ್ಕ್‌ಟಾಪೂ ಬೇರೆ, ಅಕ್ಷರದ ಗಾತ್ರವೂ ಬೇರೆ. ಮಾವನ ಖಾತೆಯಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಅಕ್ಷರ ದೊಡ್ಡದು ಮಾಡಿಟ್ಟಿದ್ದೇನೆ. ಅಲ್ಲಿರುವ ಪಟ್ಟಿಯನ್ನು 225 ಶೇಕಡಾದವರೆಗೂ ಎಳೆಯಬಹುದು, ಆದರೆ 140 ದಾಟಿದರೆ ಫೋಲ್ಡರ್ ಹೆಸರುಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಇಲಿಬಾಣ ದಪ್ಪಗೆ, ಹಳದಿ ಬಣ್ಣದಲ್ಲಿದೆ. ಎರಡು ಸಲ ಬೇಗ ಬೇಗ ಕ್ಲಿಕ್ ಮಾಡುವುದು ಅವರಿಗೆ ಕಷ್ಟ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಒಂದೇ ಕ್ಲಿಕ್ಕಿಗೆ ತೆರೆಯುವ ಹಾಗೆ ಮಾಡಿಕೊಟ್ಟ ಮೇಲೆ ಆ ಕಾಟವೂ ತಪ್ಪಿತು.

ಎಲ್ಲರಿಗೂ ಸೇರಿದ ಕಾಗದಪತ್ರಗಳು ಡಿ ಡ್ರೈವ್‌ನಲ್ಲಿ "ಮನೆ" ಎಂಬ ಫೋಲ್ಡರಿನಲ್ಲಿವೆ. ಎಲ್ಲರ ಡೆಸ್ಕ್‌ಟಾಪಿನಲ್ಲೂ ಅದರ ಶಾರ್ಟ್‌ಕಟ್ ಇದೆ. ಇದರ ಒಳಗನ್ನು ಹೇಗೆ ಜೋಡಿಸಬೇಕು ಎಂಬುದಕ್ಕೇ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು.

ಪಿಡಿಎಫ್‌ಗಳು ಒಂದು ಕಡೆ, ಫೋಟೋಗಳು ಒಂದು ಕಡೆ, ಎಕ್ಸೆಲ್ ಒಂದು ಕಡೆ ಎಂದು ಬೇರ್ಪಡಿಸುವ ಪದ್ಧತಿ ಅನೇಕ ಕಡೆ ಕಂಡಿದ್ದೇನೆ. ನೋಡಲು ಚೆಂದ, ಉಪಯೋಗ ಕಡಿಮೆ. ಮಾವ ಕೇಳುವುದು "ಆ ಪಹಣಿ ಎಲ್ಲಿಟ್ಟಿದ್ದೀಯೆ ಮಾರಾಯ್ತಿ?" ಎಂದು. "ಪಿಡಿಎಫ್ ಎಲ್ಲಿದೆ" ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಫೋಲ್ಡರಿನ ಹೆಸರೂ ಅವರ ಬಾಯಲ್ಲಿ ಬರುವ ಹೆಸರೇ: "ತೋಟ", "ಮನೆ ಕಂದಾಯ", "ಸೊಸೈಟಿ", "ಆಸ್ಪತ್ರೆ", "ಶಾಲೆ", "ಗಾಡಿ". "ತೋಟ" ತೆರೆದರೆ ಪಹಣಿ, ಮ್ಯುಟೇಶನ್, ನಕ್ಷೆ, ಬೆಳೆ ವಿಮೆಯ ಕಾಗದ ಎಲ್ಲ ಅಲ್ಲೇ. ಸ್ಕ್ಯಾನ್ ಮಾಡಿದ ಚಿತ್ರವೋ ಪಿಡಿಎಫೋ ಎಂಬ ಭೇದ ಇಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಇಡುವುದು ಎರಡು ಹಂತಕ್ಕೆ ನಿಲ್ಲಿಸಿದ್ದೇನೆ. ಮೂರನೆಯ ಹಂತಕ್ಕೆ ಹೋದರೆ ಅತ್ತೆ "ಇದು ನನ್ನಿಂದಾಗದು" ಎಂದು ಎದ್ದುಬಿಡುತ್ತಾರೆ.

ಇಂಗ್ಲಿಷ್ ಮತ್ತು ಕನ್ನಡ ಹೆಸರುಗಳು ಬೆರೆತಿದ್ದರೆ ವಿಂಡೋಸ್ ಮೊದಲು ಅಂಕಿ, ಆಮೇಲೆ ಇಂಗ್ಲಿಷ್, ಕನ್ನಡವನ್ನು ಅದರ ಕೆಳಗೆ ಜೋಡಿಸುತ್ತದೆ. ದಿನಾ ಬೇಕಾಗುವ ಕನ್ನಡ ಫೋಲ್ಡರ್ ಕೆಳಗೆ ಹೋಗಿ ಕೂರುವುದು ಬೇಡವೆಂದರೆ ಮುಂದೆ ಅಂಕಿ ಹಚ್ಚಿ: "01 ತೋಟ", "02 ಆಸ್ಪತ್ರೆ". ಕಡತಗಳಿಗಾದರೆ ದಿನಾಂಕ ಮುಂದೆ. ಅದೂ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ: "2024-11-05 ಕಂದಾಯ ರಸೀದಿ". ನಮ್ಮ ರೂಢಿಯಂತೆ 05-11-2024 ಎಂದು ಬರೆದರೆ ಎಲ್ಲ ತಿಂಗಳ ಐದನೆಯ ತಾರೀಖುಗಳೂ ಒಟ್ಟಿಗೆ ಬಂದು ಕೂರುತ್ತವೆ, ವರ್ಷ ಚೆಲ್ಲಾಪಿಲ್ಲಿಯಾಗುತ್ತದೆ. ಓರೆಗೆರೆ ಹಾಕಲು ಹೋದರೆ ವಿಂಡೋಸ್ ಒಪ್ಪುವುದೇ ಇಲ್ಲ. ಹತ್ತಾರು ಕಡತಗಳಿಗೆ ಒಟ್ಟಿಗೆ ಹೆಸರು ಬದಲಿಸುವಾಗ ಎಫ್2 ಒತ್ತಿ ಹೆಸರು ಬರೆದು ಎಂಟರ್ ಬದಲು ಟ್ಯಾಬ್ ಒತ್ತಿ ನೋಡಿ, ನೇರ ಮುಂದಿನ ಕಡತದ ಹೆಸರಿಗೆ ಹೋಗುತ್ತದೆ. ಇಲಿ ಮುಟ್ಟುವ ಕೆಲಸವೇ ಇಲ್ಲ.

ಫೋಟೋಗಳಿಗೂ ಇದೇ ಕ್ರಮ. ವರ್ಷಕ್ಕೊಂದು ಫೋಲ್ಡರ್, ಅದರಲ್ಲಿ "2023-04 ಉಪನಯನ" ಎಂಬಂತೆ ಸಂದರ್ಭಕ್ಕೊಂದು. ವಾಟ್ಸಾಪಿನಲ್ಲಿ ಬಂದ ಫೋಟೋಗಳ ವಿಷಯದಲ್ಲಿ ಒಂದು ಎಚ್ಚರ. ಫೋಟೋ ತೆಗೆದ ದಿನ, ಸಮಯದಂಥ ವಿವರಗಳನ್ನು ವಾಟ್ಸಾಪ್ ಕಳಿಸುವಾಗಲೇ ಅಳಿಸಿಬಿಡುತ್ತದೆ. ಹಾಗಾಗಿ "ತೆಗೆದ ದಿನಾಂಕ" ನೋಡಿ ಜೋಡಿಸಲು ಹೊರಟರೆ ಇವು ಎಲ್ಲಿಗೂ ಸೇರುವುದಿಲ್ಲ. ಆಂಡ್ರಾಯ್ಡ್ ಫೋನಿನಿಂದ ತಂದ ಕಡತದ ಹೆಸರಿನಲ್ಲಿ 20230412 ಎಂದು ಎಂಟಂಕಿ ಇರುತ್ತದಲ್ಲ, ಅದೇ ಗತಿ. ಅದೂ ಫೋನಿಗೆ ಬಂದ ದಿನ, ತೆಗೆದ ದಿನವಲ್ಲ. ಶುಭೋದಯ, ಹಬ್ಬದ ಶುಭಾಶಯದ ಚಿತ್ರಗಳನ್ನು ಕಂಪ್ಯೂಟರಿಗೆ ತರುವ ಮೊದಲು ಫೋನಿನಲ್ಲೇ ಅಳಿಸುವುದು ಮಗಳ ಕೆಲಸ. ಅವಳು ಕೆಲವು ಉಳಿಸಿಕೊಳ್ಳುತ್ತಾಳೆ, ನಾನು ಮಾತಾಡುವುದಿಲ್ಲ.

ಇನ್ನು ನನ್ನ ಕಸುಬಿನ ಕಡತಗಳು. ಹಳೆಯ ಕೆಲಸವೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶ ಮತ್ತು ವರ್ಡ್‌ನಲ್ಲಿ, ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶದ ಹಳೆಯ ಫಾಂಟುಗಳಲ್ಲಿದೆ. ಕನ್ನಡ ಡಿಟಿಪಿ ಮಾಡುವವರಿಗೆ ಇದು ಗೊತ್ತೇ ಇದೆ, ಬೇರೆಯವರಿಗೆ ಹೇಳಬೇಕು. ಆ ಫಾಂಟುಗಳಲ್ಲಿ ಕಾಣುವುದು ಮಾತ್ರ ಕನ್ನಡ, ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. "ಕನ್ನಡ" ಎಂದು ಹೊಡೆದ ಪದ ಕಂಪ್ಯೂಟರಿನ ಲೆಕ್ಕದಲ್ಲಿ ಪಿ ಎಂಬ ಅಕ್ಷರ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಏನೇನೋ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇದೇ ಕಾಣುತ್ತದೆ. ಫಾಂಟ್ ಇದ್ದರೂ ಹುಡುಕು ಪೆಟ್ಟಿಗೆಯಲ್ಲಿ ಯೂನಿಕೋಡ್ ಕನ್ನಡದಲ್ಲಿ, ಅಂದರೆ ಒಳಗೂ ಕನ್ನಡ ಅಕ್ಷರವೇ ಉಳಿಯುವ ಈಗಿನ ಪದ್ಧತಿಯಲ್ಲಿ, "ಜಾತ್ರೆ" ಎಂದು ಬರೆದರೆ ಜಾತ್ರೆಯ ಹಳೆಯ ಕರಪತ್ರ ಒಂದೂ ಸಿಗುವುದಿಲ್ಲ, ಒಳಗೆ ಆ ಅಕ್ಷರಗಳೇ ಇಲ್ಲವಲ್ಲ.

ಎಲ್ಲವನ್ನೂ ಯೂನಿಕೋಡಿಗೆ ಬದಲಿಸುತ್ತೇನೆ ಎಂದು ಹೊರಡಬೇಡಿ. ನಾನು ಬದಲಿಸಿದ್ದು ಮತ್ತೆ ಮತ್ತೆ ಬೇಕಾಗುವ ಪಠ್ಯವನ್ನು ಮಾತ್ರ: ಸಂಘದ ಬೈಲಾ, ದೇವಸ್ಥಾನದ ಸೇವಾಪಟ್ಟಿ, ಲಗ್ನಪತ್ರಿಕೆಯ ಒಕ್ಕಣೆಗಳು. ಪರಿವರ್ತಿಸುವ ಸೌಲಭ್ಯ ನುಡಿಯಲ್ಲೂ ಇದೆ, ಬರಹ ಎಂಬ ಇನ್ನೊಂದು ತಂತ್ರಾಂಶದಲ್ಲೂ ಇದೆ. ಕೆಲಸ ಮುಗಿದ ಮೇಲೆ ಮೂರು ಕಡೆ ಕಣ್ಣು ಹಾಯಿಸಬೇಕು. ಅರ್ಕಾವತ್ತು ಬಂದ ಪದಗಳು, ಒತ್ತಕ್ಷರದ ಮೇಲೆ ದೀರ್ಘ ಬಂದ ಕಡೆ, ಮತ್ತು ನಡುವೆ ಇದ್ದ ಇಂಗ್ಲಿಷ್ ಪದಗಳು. ಈ ಕೊನೆಯದೇ ಹೆಚ್ಚು ಕಾಡುವುದು. ಇಮೇಲ್ ವಿಳಾಸವನ್ನೂ ಕನ್ನಡವೆಂದೇ ಬಗೆದು ಬಾಯಲ್ಲಿ ಹೇಳಲಾಗದ ಅಕ್ಷರಗಳನ್ನು ಮಾಡಿಟ್ಟಿರುತ್ತದೆ. ಉಳಿದ ಹಳೆಯ ಕಡತಗಳ ಒಳಗನ್ನು ಮುಟ್ಟಿಲ್ಲ, ಹೆಸರು ಮಾತ್ರ ಯೂನಿಕೋಡ್ ಕನ್ನಡದಲ್ಲಿ ಬರೆದಿದ್ದೇನೆ. ಹುಡುಕಲು ಅಷ್ಟು ಸಾಕು. ಜೊತೆಗೆ ಪ್ರತಿಯೊಂದರ ಪಿಡಿಎಫ್ ಪ್ರತಿಯೂ ಪಕ್ಕದಲ್ಲಿದೆ, ಪೇಜ್‌ಮೇಕರ್ ಇಲ್ಲದ ಕಡೆಯೂ ತೆರೆಯಲಿ ಎಂದು.

ಹುಡುಕಲು ನಾನು ಬಳಸುವುದು ಎವೆರಿಥಿಂಗ್ ಎಂಬ ಉಚಿತ ತಂತ್ರಾಂಶ. ಕಡತದ ಹೆಸರುಗಳಲ್ಲಿ ಮಾತ್ರ ಹುಡುಕುತ್ತದೆ, ಒತ್ತಿದೊಡನೆ ಪಟ್ಟಿ ಬರುತ್ತದೆ. ಕನ್ನಡ ಹೆಸರನ್ನೂ ಹಿಡಿಯುತ್ತದೆ, ಒಂದು ಸೂಕ್ಷ್ಮ ಬಿಟ್ಟು. "ಅಪ್‌ಲೋಡ್" ಎಂದು ಬರೆಯುವಾಗ ಪ ಕೆಳಗೆ ಲ ಒತ್ತು ಬೀಳದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂರಿಸುತ್ತೇವೆ. ಕಡತದ ಹೆಸರಿನಲ್ಲಿ ಆ ಗುರುತಿದ್ದು, ಹುಡುಕುವಾಗ ನೀವು ಅದನ್ನು ಹಾಕದಿದ್ದರೆ ಎರಡೂ ಬೇರೆ ಬೇರೆ ಪದಗಳಾಗಿಬಿಡಬಹುದು. ಹಾಗಾಗಿ ಕಡತದ ಹೆಸರಿನಲ್ಲಿ ಅಂಥ ಪದಗಳನ್ನು ತಪ್ಪಿಸುತ್ತೇನೆ. "ಪಾಸ್‌ಬುಕ್" ಬದಲು "ಬ್ಯಾಂಕ್ ಪುಸ್ತಕ".

ಕನ್ನಡ ಹೆಸರು ನಡೆಯದ ಜಾಗವೂ ಒಂದಿದೆ, ಅರ್ಜಿ ಹಾಕುವ ಜಾಲತಾಣಗಳು. ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಒಂದು ತಾಣ ಕನ್ನಡ ಹೆಸರಿನ ಕಡತವನ್ನು ತೆಗೆದುಕೊಳ್ಳಲೇ ಇಲ್ಲ. ಯಾಕೆ ಬೇಡ ಎಂದೂ ಹೇಳಲಿಲ್ಲ, ಚಕ್ರ ತಿರುಗುತ್ತಲೇ ಇತ್ತು. ಮೇಲೆ ಗಾತ್ರದ ಮಿತಿ ಬೇರೆ. ಈಗ "ಮನೆ" ಫೋಲ್ಡರಿನಲ್ಲಿ "ಅರ್ಜಿಗೆ" ಎಂಬ ವಿಭಾಗವೇ ಇದೆ. ಎಲ್ಲರ ಭಾವಚಿತ್ರ, ಸಹಿ, ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಚಿಕ್ಕ ಪ್ರತಿಗಳು ಅಲ್ಲಿ ಇಂಗ್ಲಿಷ್ ಹೆಸರಿನಲ್ಲಿ, ನಡುವೆ ಜಾಗ ಬಿಡದೆ. ಚಿತ್ರ ಚಿಕ್ಕದು ಮಾಡಲು ಪೇಂಟ್ ಸಾಕು. ಕಂಟ್ರೋಲ್ ಮತ್ತು ಡಬ್ಲ್ಯು ಒತ್ತಿದರೆ ಗಾತ್ರ ಬದಲಿಸುವ ಪೆಟ್ಟಿಗೆ ಬರುತ್ತದೆ. ಅಲ್ಲಿ ಪಿಕ್ಸೆಲ್ ಆರಿಸಿ ಅಗಲ ಕಡಿಮೆ ಮಾಡಿ ಜೆಪಿಜಿಯಾಗಿ ಉಳಿಸುವುದು. ಮೂಲ ಸ್ಕ್ಯಾನಿನ ಮೇಲೆ ಮಾತ್ರ ಹೀಗೆ ಮಾಡಬಾರದು, ಯಾವಾಗಲೂ ಸೇವ್ ಆ್ಯಸ್. ಚಿಕ್ಕದಾದ ಅಂಕಪಟ್ಟಿ ಮತ್ತೆ ದೊಡ್ಡದಾಗುವುದಿಲ್ಲ.

ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಅದರ ಕಡತದ ಹೆಸರಿನಲ್ಲೇ ಮುಗಿಯುವ ವರ್ಷ, ತಿಂಗಳು ಸೇರಿಸಿದ್ದೇನೆ. ಗಾಡಿಯ ವಿಮೆಗೂ ಹಾಗೇ.

ಸಣ್ಣಪುಟ್ಟವು ಕೆಲವು. ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ಶೋ ಎಂಬಲ್ಲಿ ಕಡತದ ಎಕ್ಸ್‌ಟೆನ್ಶನ್, ಅಂದರೆ ಅದು ಯಾವ ಬಗೆಯದು ಎಂದು ಹೇಳುವ ಹೆಸರಿನ ಕೊನೆಯ ಬಾಲ, ಕಾಣುವ ಹಾಗೆ ಮಾಡಿ. ವಿಂಡೋಸ್ ಅದನ್ನು ಮುಚ್ಚಿಟ್ಟಿರುತ್ತದೆ, ಆಗ ಬಿಲ್ಲಿನ ವೇಷ ಹಾಕಿ ಬಂದ ಇಎಕ್ಸ್‌ಇ ಕಡತ (ತೆರೆದೊಡನೆ ಓಡುವ ತಂತ್ರಾಂಶ) ಪಿಡಿಎಫ್ ಎಂದೇ ಕಾಣುತ್ತದೆ. ವಿಂಡೋಸ್ ಕೀಲಿ ಮತ್ತು ವಿ ಒತ್ತಿದರೆ ನಕಲು ಮಾಡಿದ ಹಿಂದಿನ 25 ತುಣುಕುಗಳ ಪಟ್ಟಿ ಬರುತ್ತದೆ. ಮೊದಲ ಸಲ ಆನ್ ಮಾಡಬೇಕು, ಅಷ್ಟೆ. ಪತ್ರಿಕೆಯ ಕೆಲಸದಲ್ಲಿ ಹೆಸರು, ಮುಹೂರ್ತ, ಸ್ಥಳ ಒಂದಾದ ಮೇಲೊಂದು ನಕಲು ಮಾಡಿ ಆಮೇಲೆ ಬೇಕಾದ ಕಡೆ ಇಳಿಸುತ್ತೇನೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಕೀಲಿಮಣೆ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗುತ್ತದೆ. 2019ರಿಂದ ವಿಂಡೋಸಿನಲ್ಲೇ ಇಂಗ್ಲಿಷ್ ಅಕ್ಷರದ ಉಚ್ಚಾರದಂತೆ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆ ಇದೆ, ಮಗಳು ಬಳಸುವುದು ಅದನ್ನೇ. ನನ್ನ ಬೆರಳಿಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕೂತುಹೋಗಿದೆ, ಬದಲಿಸುವ ಯೋಚನೆ ಇಲ್ಲ.

ಕಂಪ್ಯೂಟರ್ ನಿಧಾನ ಎನ್ನುವವರಿಗೆ ನಾನು ಹೇಳುವುದು ಇಷ್ಟು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ನೋಡಿ, ತಾನಾಗಿ ಏಳುವುದು ಬೇಡವಾದವನ್ನು ನಿಲ್ಲಿಸಿ. ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ರೀಸ್ಟಾರ್ಟಿನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಮಾತ್ರ ಈ ಉಪಾಯಗಳಿಂದ ಹೆಚ್ಚೇನೂ ಆಗದು, ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ.

ಡಿ ಡ್ರೈವ್‌ನಲ್ಲಿದ್ದರೆ ಭದ್ರ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ವಿಂಡೋಸ್ ಕೆಟ್ಟು ಹೊಸದಾಗಿ ಹಾಕುವಾಗ ಅದು ನಿಜ. ಡಿಸ್ಕೇ ಕೆಟ್ಟರೆ ಸಿ ಮತ್ತು ಡಿ ಎರಡೂ ಒಟ್ಟಿಗೇ ಹೋಗುತ್ತವೆ, ಸಾಮಾನ್ಯವಾಗಿ ಅವು ಒಂದೇ ಡಿಸ್ಕಿನ ಎರಡು ಪಾಲುಗಳು. ಒನ್‌ಡ್ರೈವ್ ಇದೆಯಲ್ಲ ಎಂದರೆ ಪುಕ್ಕಟೆ ಸಿಗುವುದು 5 ಜಿಬಿ, ಫೋಟೋಗಳಿಗೆ ಅದು ಯಾವ ಮೂಲೆಗೂ ಸಾಲದು. ನಾನು ತಿಂಗಳಿಗೊಮ್ಮೆ "ಮನೆ" ಫೋಲ್ಡರನ್ನೂ ಫೋಟೋಗಳನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ತಂತಿ ಕಳಚಿ, ಬೇರೆ ಕೋಣೆಯಲ್ಲಿಡುತ್ತೇನೆ. ತಂತಿ ಕಳಚುವುದು ಮುಖ್ಯ. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಸಿಡಿಲು ಕರೆಂಟಿನ ತಂತಿಯಲ್ಲಷ್ಟೇ ಬರುವುದಿಲ್ಲ, ಇಂಟರ್ನೆಟ್ಟಿನ ತಂತಿಯಲ್ಲೂ ಬರುತ್ತದೆ. ಯುಪಿಎಸ್ ಇದೆ ಎಂದು ಸುಮ್ಮನೆ ಕೂರುವ ಹಾಗಿಲ್ಲ. ಮೋಡ ಕಟ್ಟಿದರೆ ಗೋಡೆಯ ಪ್ಲಗ್ಗನ್ನೂ ಲ್ಯಾನ್ ತಂತಿಯನ್ನೂ ಎಳೆಯಬೇಕು ಎಂಬುದು ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮದು 11ಕ್ಕೆ ಒಗ್ಗುವ ಯಂತ್ರವಾದ್ದರಿಂದ ತೊಂದರೆಯಾಗಲಿಲ್ಲ. ಹೊಸದಾಗಿ 11 ಹಾಕಿಸಿಕೊಳ್ಳುವವರು ಒಂದನ್ನು ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಅನೇಕ ಯಂತ್ರಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗುವುದು, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುವುದು, ತಾನಾಗಿಯೇ ನಡೆದುಬಿಡುತ್ತದೆ. ಮುಂದೊಂದು ದಿನ ಮದರ್‌ಬೋರ್ಡ್ ಬದಲಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು, ಅದಿಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಆ ಕೀ ಸಿಗುತ್ತದೆ. ನಾನು ಅದನ್ನು ಎರಡು ಹಾಳೆಯಲ್ಲಿ ಮುದ್ರಿಸಿ ಒಂದನ್ನು ಗಾಡ್ರೆಜ್ ಬೀರುವಿನಲ್ಲಿ ಮನೆಪತ್ರದ ಜೊತೆ ಇಟ್ಟಿದ್ದೇನೆ, ಇನ್ನೊಂದು ತವರುಮನೆಯಲ್ಲಿ ಅಣ್ಣನ ಹತ್ತಿರ ಇದೆ.